ಪ್ರಶ್ನೆ ಕೇಳುವುದೂ ಒಂದು ವಿದ್ಯೆ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಬಹುಮಾನ ಪಡೆದ ಮಕ್ಕಳಿಗೆಲ್ಲ ಮೊದಲು ನನ್ನ ಅಭಿನಂದನೆಗಳು. ಪರೀಕ್ಷೆಯಲ್ಲಿ ಚೆನ್ನಾಗಿ ಉತ್ತರ ಬರೆದಿದ್ದೀರಿ, ಅದಕ್ಕೆ ಈ ಬಹುಮಾನ. ಆದರೆ ಚೆನ್ನಾಗಿ ಪ್ರಶ್ನೆ ಕೇಳಿದವರಿಗೆ ಬಹುಮಾನ ಕೊಡುವ ಪದ್ಧತಿ ನಮ್ಮಲ್ಲಿ ಇನ್ನೂ ಬಂದಿಲ್ಲ. ಹೆಚ್ಚು ಕೇಳುವ ಮಗುವಿಗೆ ನಾವು ಕೊಟ್ಟಿರುವ ಬಿರುದು 'ಅಧಿಕಪ್ರಸಂಗಿ'. ಆದ್ದರಿಂದ ಇಂದು, ಪ್ರಶ್ನೆಯನ್ನೇ ಬಂಡವಾಳ ಮಾಡಿಕೊಂಡು ಮುಕ್ಕಾಲು ಶತಮಾನ ದಾಟಿದ ಒಂದು ಟಿ.ವಿ. ಕಾರ್ಯಕ್ರಮದ ಬಗ್ಗೆ ಹೇಳಬೇಕೆಂದಿದ್ದೇನೆ.

ಅದು ಅಮೆರಿಕದ 'ಮೀಟ್ ದಿ ಪ್ರೆಸ್'. 1945ರಲ್ಲಿ ರೇಡಿಯೋದಲ್ಲಿ ಹುಟ್ಟಿ, 1947ರ ನವೆಂಬರ್ 6ರಂದು ಎನ್‌ಬಿಸಿ ಟಿ.ವಿ.ಗೆ ಬಂತು. ಮಾರ್ಥಾ ರೌಂಟ್ರೀ ಎಂಬ ಮಹಿಳೆ ಮತ್ತು ಲಾರೆನ್ಸ್ ಸ್ಪಿವಾಕ್ ಎಂಬ ಸಂಪಾದಕರು ಇದನ್ನು ಕಟ್ಟಿದವರು. ಮೊದಲ ನಿರ್ವಾಹಕಿಯೂ ರೌಂಟ್ರೀ ಅವರೇ. ಆ ಸ್ಥಾನಕ್ಕೆ ಇನ್ನೊಬ್ಬ ಮಹಿಳೆ, ಕ್ರಿಸ್ಟನ್ ವೆಲ್ಕರ್, ಬಂದದ್ದು 2023ರಲ್ಲಿ! ಆಗಿನ ಏರ್ಪಾಡು ಸರಳವಾಗಿತ್ತು. ಒಂದು ಕಡೆ ಒಬ್ಬ ಅತಿಥಿ. ಎದುರಿಗೆ ಬೇರೆ ಬೇರೆ ಪತ್ರಿಕೆಗಳ ಪತ್ರಕರ್ತರು, ಸಾಮಾನ್ಯವಾಗಿ ನಾಲ್ವರು. ಪೂರ್ವಾಭ್ಯಾಸವಿಲ್ಲದೆ, ಇಡೀ ದೇಶದ ಮುಂದೆ ಪ್ರಶ್ನೋತ್ತರ.

ಒಂದು ಪ್ರಶ್ನೆಯ ಬಲ ಎಷ್ಟು ಎಂಬುದಕ್ಕೆ 1948ರ ಉದಾಹರಣೆ ನೋಡಿ. ವಿಟೇಕರ್ ಚೇಂಬರ್ಸ್ ಎಂಬವರು ಆಲ್ಜರ್ ಹಿಸ್ ಎಂಬ ಮಾಜಿ ಅಧಿಕಾರಿಯನ್ನು ಕಮ್ಯುನಿಸ್ಟ್ ಎಂದು ಸಂಸತ್ತಿನ ಸಮಿತಿಯ ಮುಂದೆ ಆರೋಪಿಸಿದ್ದರು. ಅಲ್ಲಿ ಹೇಳಿದ ಮಾತಿಗೆ ಮಾನನಷ್ಟದ ಮೊಕದ್ದಮೆ ಹೂಡುವಂತಿಲ್ಲ, ಕಾನೂನಿನ ರಕ್ಷಣೆಯಿದೆ. ಈ ಕಾರ್ಯಕ್ರಮದ ರೇಡಿಯೋ ಆವೃತ್ತಿಯಲ್ಲಿ ಪತ್ರಕರ್ತರು ಅವರನ್ನು ಕೇಳಿದ್ದು ಇಷ್ಟೇ: ಅದೇ ಮಾತನ್ನು ಇಲ್ಲಿ, ರಕ್ಷಣೆಯಿಲ್ಲದ ಕಡೆ, ಹೇಳುವಿರಾ? ಅವರು ಹೇಳಿದರು. ಹಿಸ್ ಮೊಕದ್ದಮೆ ಹೂಡಿದರು. ಅದರಿಂದ ದಾಖಲೆಗಳು ಹೊರಬಂದು, ಕೊನೆಗೆ 1950ರಲ್ಲಿ ಸುಳ್ಳು ಸಾಕ್ಷ್ಯಕ್ಕಾಗಿ ಹಿಸ್ ಅವರಿಗೇ ಶಿಕ್ಷೆಯಾಯಿತು.

ಇನ್ನು ಉತ್ತರಿಸುವವರ ಘನತೆ. 1960ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಈ ಕುರ್ಚಿಯಲ್ಲಿ ಕುಳಿತರು. ಕರಿಯರಿಗೆ ತಿಂಡಿ ಕೊಡದ ಹೋಟೆಲುಗಳಲ್ಲಿ ವಿದ್ಯಾರ್ಥಿಗಳು ಧರಣಿ ಕೂರುತ್ತಿದ್ದ ಕಾಲ ಅದು. ನಿಮ್ಮ ಚರ್ಚಿನಲ್ಲಿ ಬಿಳಿಯರು ಎಷ್ಟು ಮಂದಿ ಇದ್ದಾರೆ ಎಂದು ಒಬ್ಬ ಪತ್ರಕರ್ತರು ಚುಚ್ಚಿದರು. ಕಿಂಗ್ ಸಿಟ್ಟಾಗಲಿಲ್ಲ. ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ, ಅಂದರೆ ಪ್ರಾರ್ಥನೆಯ ಹೊತ್ತೇ, ಕ್ರೈಸ್ತ ಅಮೆರಿಕ ಅತಿ ಹೆಚ್ಚು ಒಡೆದುಹೋಗಿರುವ ಹೊತ್ತು, ಇದು ನಾಚಿಕೆಯ ಸಂಗತಿ ಎಂದರು. ತಮ್ಮ ಚರ್ಚಿನ ಬಾಗಿಲು ಎಲ್ಲರಿಗೂ ತೆರೆದಿದೆ ಎಂದೂ ಸೇರಿಸಿದರು. ಪ್ರಶ್ನೆ ಮುಳ್ಳಿನಂತೆ ಬಂತು, ಆದರೆ ಉತ್ತರ ಇಂದಿಗೂ ಉಳಿದಿದೆ.

ಈ ಕಾರ್ಯಕ್ರಮ ಎಡವಿದ ದಿನವನ್ನೂ ಹೇಳಬೇಕು. 2002ರ ಹೊತ್ತಿಗೆ ನಾಲ್ವರ ಬದಲು ಟಿಮ್ ರಸರ್ಟ್ ಒಬ್ಬರೇ ಪ್ರಮುಖ ಅತಿಥಿಯನ್ನು ಪ್ರಶ್ನಿಸುತ್ತಿದ್ದರು. ಆ ವರ್ಷ ಸೆಪ್ಟೆಂಬರ್ 8ರಂದು ಉಪಾಧ್ಯಕ್ಷ ಡಿಕ್ ಚೇನಿ ಬಂದು, ಇರಾಕ್ ಅಣ್ವಸ್ತ್ರಕ್ಕಾಗಿ ಅಲ್ಯೂಮಿನಿಯಂ ಕೊಳವೆ ತರಿಸುತ್ತಿದೆ ಎಂದರು. ಅಂದಿನ 'ನ್ಯೂಯಾರ್ಕ್ ಟೈಮ್ಸ್' ವರದಿಯತ್ತ ಬೊಟ್ಟುಮಾಡಿದರು. ಆ ವರದಿಗೆ ಮಾಹಿತಿ ಕೊಟ್ಟವರು ಅವರದೇ ಸರಕಾರದ ಅಧಿಕಾರಿಗಳು! ಸರಕಾರದ ಇಂಧನ ಇಲಾಖೆಯ ತಜ್ಞರಿಗೇ ಆ ಕೊಳವೆಗಳ ಬಗ್ಗೆ ಸಂದೇಹವಿತ್ತು. ಆ ಸಂದೇಹ ಅಂದು ಪ್ರಶ್ನೆಯಾಗಿ ಮೇಲೆ ಬರಲಿಲ್ಲ. 2003ರ ಮಾರ್ಚ್‌ನಲ್ಲಿ ಯುದ್ಧ ಶುರುವಾಯಿತು. ಅಣ್ವಸ್ತ್ರ ಸಿಗಲಿಲ್ಲ, ಸತ್ತವರು ಅಸಂಖ್ಯ. ಒಂದೇ ಬಾಯಿಂದ ಬಂದ ಸುದ್ದಿ ಎರಡು ಕಡೆ ಕೇಳಿಸಿದರೆ ಅದು ಎರಡು ಸಾಕ್ಷಿಯಾಗುವುದಿಲ್ಲ. ಮಕ್ಕಳೇ, ಇದನ್ನು ನೆನಪಿಡಿ.

ಕೊನೆಯ ಪ್ರಸಂಗ 2008ರ ಅಕ್ಟೋಬರ್ 19ರದು. ಅಧ್ಯಕ್ಷ ಚುನಾವಣೆಯ ಹೊತ್ತು. ಒಬಾಮ ಮುಸ್ಲಿಮ್ ಎಂಬ ಪಿಸುಮಾತು ಹರಡಿತ್ತು. ಎದುರು ಪಕ್ಷದವರೇ ಆದ ಮಾಜಿ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ಅಂದು ಒಬಾಮರನ್ನು ಬೆಂಬಲಿಸಿದರು. ಆತ ಮುಸ್ಲಿಮ್ ಅಲ್ಲ, ಕ್ರೈಸ್ತ ಎಂಬುದು ಸರಿಯಾದ ಉತ್ತರ ಎಂದರು. ಅಲ್ಲಿಗೇ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ನಿಜವಾಗಿ ಸರಿಯಾದ ಉತ್ತರ ಬೇರೆಯೇ ಇದೆ ಎಂದು ಅವರೇ ಪ್ರಶ್ನೆ ಹಾಕಿದರು: ಆಗಿದ್ದರೆ ಏನಂತೆ? ಈ ದೇಶದಲ್ಲಿ ಮುಸ್ಲಿಮ್ ಆಗಿರುವುದು ತಪ್ಪೇ? ಏಳು ವರ್ಷದ ಮುಸ್ಲಿಮ್ ಮಗು ತಾನು ಅಧ್ಯಕ್ಷನಾಗಬಲ್ಲೆ ಎಂದು ಕನಸು ಕಾಣುವುದು ತಪ್ಪೇ? ಮುಂದೆ ಅವರು ಒಂದು ಚಿತ್ರವನ್ನು ನೆನೆದರು. ಸೈನಿಕರ ಸ್ಮಶಾನದಲ್ಲಿ ಮಗನ ಸಮಾಧಿಕಲ್ಲಿಗೆ ತಲೆಯಾನಿಸಿದ ತಾಯಿ. ಕಲ್ಲಿನ ಮೇಲೆ ಅರ್ಧಚಂದ್ರ ಮತ್ತು ನಕ್ಷತ್ರ. ಇರಾಕಿನಲ್ಲಿ ಇಪ್ಪತ್ತರ ವಯಸ್ಸಿಗೆ ಮಡಿದ ಅಮೆರಿಕದ ಸೈನಿಕ ಕರೀಂ ರಶಾದ್ ಸುಲ್ತಾನ್ ಖಾನ್.

ನಮ್ಮ ಮೇಲೆ ಹಾಕುವ ಎಷ್ಟೋ ಪ್ರಶ್ನೆಗಳ ಒಳಗೇ ಒಂದು ಆರೋಪ ಅಡಗಿರುತ್ತದೆ. ಅಂಥ ಪ್ರಶ್ನೆಗೆ ಅವಸರದಿಂದ ಉತ್ತರ ಕೊಡುವುದಕ್ಕಿಂತ, ಆ ಪ್ರಶ್ನೆಯನ್ನೇ ಸಭ್ಯತೆಯಿಂದ ಪರೀಕ್ಷಿಸಬೇಕು. ಇದಕ್ಕೆ ಓದು ಬೇಕು, ತಾಳ್ಮೆ ಬೇಕು, ಭಾಷೆಯ ಮೇಲೆ ಹಿಡಿತ ಬೇಕು.

ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ತಿಂಗಳಿಗೊಮ್ಮೆ ನಾಲ್ವರು ಮಕ್ಕಳನ್ನು ಮುಂದೆ ಕೂರಿಸಿ. ಊರಿನ ವೈದ್ಯರನ್ನೋ, ಪಂಚಾಯಿತಿ ಸದಸ್ಯರನ್ನೋ, ನಮ್ಮ ಆಡಳಿತ ಮಂಡಳಿಯವರನ್ನೋ ಕರೆಸಿ. ಮಕ್ಕಳು ಮೊದಲೇ ಓದಿಕೊಂಡು ಬಂದು ಚುಟುಕಾಗಿ ಕೇಳಲಿ, ಉತ್ತರ ಮುಗಿಯುವತನಕ ಕೇಳಿಸಿಕೊಳ್ಳಲಿ. ಅವರಲ್ಲಿ ಇಬ್ಬರಾದರೂ ಹೆಣ್ಣುಮಕ್ಕಳಿರಲಿ. ಮುಂದಿನ ವರ್ಷ ಈ ವೇದಿಕೆಯಲ್ಲಿ ಒಳ್ಳೆಯ ಪ್ರಶ್ನೆಗೂ ಒಂದು ಬಹುಮಾನವಿರಲಿ ಎಂದು ಹಾರೈಸುತ್ತೇನೆ.