ಊರು ಬಿಟ್ಟವರು, ಮನೆ ಬಿಡದವರು



ಸಮಾಜವನ್ನೂ ಆರೋಗ್ಯವನ್ನೂ ಒಟ್ಟಿಗೆ ನೋಡುವ ವಿಷಯವಾಗಿರಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ಅದಕ್ಕೆ ಒಪ್ಪುವಂತೆ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಮ್ಮ ನಾಡನ್ನು ಹೊಕ್ಕ ಪ್ಲೇಗನ್ನು ಆರಿಸಿಕೊಂಡಿದ್ದೇನೆ. ಸಾಂಕ್ರಾಮಿಕದ ಮಾತು ಬಂದಾಗಲೆಲ್ಲ ನಾವು ಜನರನ್ನು ಎರಡು ಪಾಲು ಮಾಡಿಬಿಡುತ್ತೇವೆ. ವಿಜ್ಞಾನ ನಂಬಿದವರು ಒಂದು ಕಡೆ, ಮೌಢ್ಯಕ್ಕೆ ಬಿದ್ದವರು ಇನ್ನೊಂದು ಕಡೆ. ಪ್ಲೇಗಿನ ಚರಿತ್ರೆಯ ಮುಂದೆ ಈ ಲೆಕ್ಕ ನಿಲ್ಲುವುದಿಲ್ಲ. ಆ ಕಾಲದಲ್ಲಿ ಒಂದು ಕಡೆ, ಒಬ್ಬ ರೋಗಿಯನ್ನು ಆಸ್ಪತ್ರೆಗೆ ಕಳಿಸಲು ಒಪ್ಪದೆ ಜನ ಕಲ್ಲು ಎತ್ತಿಕೊಂಡರು. ಇನ್ನೊಂದು ಕಡೆ, ಯಾರೂ ಹೇಳುವ ಮೊದಲೇ ಊರಿಗೆ ಊರೇ ಖಾಲಿ ಮಾಡಿ ಹೊಲಕ್ಕೆ ಹೋದರು. ಇಬ್ಬರ ದೇವರುಗಳು ಬೇರೆಯಿರಬಹುದು, ಭಯ ಒಂದೇ. ನಡವಳಿಕೆ ಏಕೆ ಇಷ್ಟು ಬೇರೆಯಾಯಿತು?

1896ರಲ್ಲಿ ಮುಂಬಯಿಯ ಮಾಂಡವಿಯಲ್ಲಿ ರೋಗ ಕಾಣಿಸಿತು. 1897ರ ಫೆಬ್ರವರಿಯಲ್ಲಿ ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆ ಅಧಿಕಾರಿಗಳಿಗೆ ಬಹಳ ದೂರ ಕೈಚಾಚುವ ಬಲ ಕೊಟ್ಟಿತು. ಮನೆ ಹೊಕ್ಕು ಹುಡುಕಬಹುದು, ರೋಗಿಯನ್ನು ಹೊತ್ತೊಯ್ಯಬಹುದು, ರೈಲು ನಿಲ್ದಾಣದಲ್ಲಿ ಇಳಿದವರ ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಡ್ಡೆ ಎದ್ದಿದೆಯೇ ಎಂದು ಮುಟ್ಟಿ ನೋಡಬಹುದು. ಪುಣೆಯಲ್ಲಿ ಈ ಕೆಲಸಕ್ಕೆ ಸೈನಿಕರನ್ನೇ ಇಳಿಸಿದರು. ಅಡುಗೆಮನೆ, ದೇವರಮನೆ ಎಂಬ ಭೇದವಿಲ್ಲದೆ ಶೋಧ ನಡೆಯಿತು. ಆ ವರ್ಷದ ಜೂನ್ 22ರ ರಾತ್ರಿ ಚಾಪೇಕರ್ ಸೋದರರು ಪ್ಲೇಗ್ ಸಮಿತಿಯ ಮುಖ್ಯಸ್ಥ ರ‍್ಯಾಂಡ್‌ಗೆ ಗುಂಡಿಟ್ಟ ಕಥೆ ಪಠ್ಯಪುಸ್ತಕದಲ್ಲಿದೆ. ಅದರಷ್ಟು ಪ್ರಸಿದ್ಧವಲ್ಲದ ಇನ್ನೊಂದು ಘಟನೆಯನ್ನು ನಾನು ಹೆಚ್ಚು ಮುಖ್ಯವೆಂದು ತಿಳಿದಿದ್ದೇನೆ. 1898ರ ಮಾರ್ಚ್‌ನಲ್ಲಿ ಮುಂಬಯಿಯ ಮದನಪುರದಲ್ಲಿ, ಮುಸ್ಲಿಂ ನೇಕಾರರ ಕೇರಿಯೊಂದರಲ್ಲಿ, ಕಾಯಿಲೆ ಬಿದ್ದ ಹುಡುಗಿಯೊಬ್ಬಳನ್ನು ಒಯ್ಯಲು ಪ್ಲೇಗ್ ಶೋಧದ ತಂಡ ಬಂತು. ಮನೆಯವರು ಬಿಡಲಿಲ್ಲ. ಮಾತು ಜಗಳವಾಯಿತು, ಜಗಳ ದೊಂಬಿಯಾಯಿತು, ಗೋಲಿಬಾರ್ ನಡೆಯಿತು. ಅಲ್ಲಿ ಜಗಳ ರೋಗಾಣು ಇದೆಯೋ ಇಲ್ಲವೋ ಎಂಬುದರ ಮೇಲೆ ಎದ್ದಿರಲಿಲ್ಲ. ಪರಪುರುಷರು ಮಗಳನ್ನು ಎಲ್ಲಿಗೆ ಒಯ್ಯುತ್ತಾರೆ, ಜೊತೆಗೆ ಯಾರು ಇರುತ್ತಾರೆ, ಸತ್ತರೆ ಮಣ್ಣು ಮಾಡುವವರು ಯಾರು ಎಂಬ ಪ್ರಶ್ನೆಗಳಿಗೆ ಬಾಗಿಲಲ್ಲಿ ನಿಂತವರ ಬಳಿ ಉತ್ತರವಿರಲಿಲ್ಲ.

ಅದೇ ನಗರದಲ್ಲಿ ಪಾರ್ಸಿಗಳು, ಮುಸ್ಲಿಮರು, ಹಿಂದೂ ಜಾತಿಗಳವರು ತಮ್ಮ ತಮ್ಮ ಪ್ಲೇಗ್ ಆಸ್ಪತ್ರೆಗಳನ್ನು ತೆರೆದಾಗ ರೋಗಿಗಳು ಅಷ್ಟು ಅಂಜದೆ ಬಂದರು. ಹಾಸಿಗೆಯ ಪಕ್ಕ ಕೂರುವವರು ತಮ್ಮವರಾಗಿದ್ದರು, ಗಂಜಿ ಬೇಯಿಸುವ ಕೈ ಗೊತ್ತಿದ್ದದ್ದಾಗಿತ್ತು.

ಈಗ ನಮ್ಮ ಕಡೆಗೆ ಬರೋಣ. ರೈಲು ದಾರಿ ಹಿಡಿದು ಬಂದ ಪ್ಲೇಗು 1898ರಲ್ಲಿ ಹುಬ್ಬಳ್ಳಿಯನ್ನು ಹಿಂಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಬೆಂಗಳೂರಿಗೂ ಬಂತು. ಹುಬ್ಬಳ್ಳಿಯಲ್ಲಿ ನಡೆದದ್ದು ಅಚ್ಚರಿಯ ಸಂಗತಿ. ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಸಿದ್ಧಪಡಿಸಿದ ಹೊಸ ಪ್ಲೇಗ್ ಲಸಿಕೆಯನ್ನು ಆ ಊರಿನಲ್ಲಿ 30,000ಕ್ಕೂ ಹೆಚ್ಚು ಜನ ಹಾಕಿಸಿಕೊಂಡರು. ಸೂಜಿಯೆಂದರೆ ನೂರು ವದಂತಿ ಹಬ್ಬಿದ್ದ ಕಾಲವದು. ಆದರೆ ಲಸಿಕೆ ಹಾಕಿಸಿಕೊಂಡವರಿಗೆ ಕೊಡುತ್ತಿದ್ದ ಚೀಟಿ ಪ್ರತ್ಯೇಕವಾಸದ ಕಾಟದಿಂದ ಬಿಡುಗಡೆಯನ್ನೂ ಕೊಡುತ್ತಿತ್ತು. ಸುತ್ತ ಸಾವಿನ ಭಯ ಇದ್ದೇ ಇತ್ತು. ಅದರ ಜೊತೆಗೆ, ಮನೆ ಒಡೆಯದೆ ಉಳಿಯುವ ದಾರಿಯೊಂದು ಕಂಡಾಗ ಜನ ತೋಳು ಚಾಚಿದರು ಎಂದು ನಾನು ಓದಿಕೊಳ್ಳುತ್ತೇನೆ.

ಹಳ್ಳಿಗಳ ದಾರಿ ಇನ್ನೂ ಹಳೆಯದು. ಸೂರಿನಿಂದ ಸತ್ತ ಇಲಿ ಬಿತ್ತೆಂದರೆ ಊರು ಬಿಡಬೇಕು. ಗಾಡಿಗೆ ಪಾತ್ರೆ, ಕಾಳು, ಹಾಸಿಗೆ ಹೇರಿ, ಮುದುಕರನ್ನು ಮೇಲೆ ಕೂರಿಸಿ, ದನ ಹೊಡೆದುಕೊಂಡು ಹೊಲ ಸೇರುವುದು. ಬಿದಿರಿನ ತಟ್ಟಿ, ಗರಿ, ಹುಲ್ಲು ಹೊದಿಸಿದ ಗುಡಿಸಲು. ಹಾಸಿಗೆ ಹೊದಿಕೆ ಬಿಸಿಲಿಗೆ. ಅತ್ತ ಊರಲ್ಲಿ ಹೆಂಚು ಇಳಿಸಿದ ಮನೆಯೊಳಗೆ ಬಿಸಿಲು ಬೀಳುತ್ತಿತ್ತು. ಇಲಿಯ ಮೈಮೇಲಿನ ಚಿಗಟವೇ ರೋಗ ಹರಡುತ್ತದೆಂದು ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಹೇಳಿದ್ದೂ 1898ರಲ್ಲೇ. ವೈದ್ಯಲೋಕ ಅದನ್ನು ಒಪ್ಪಲು ಹತ್ತಿರ ಹತ್ತಿರ ಹತ್ತು ವರ್ಷ ಹಿಡಿಯಿತು. ಅಷ್ಟರವರೆಗೆ ಅಧಿಕಾರಿಗಳು ಗೋಡೆಗೆ ಸುಣ್ಣ ಬಳಿದು, ಚರಂಡಿಗೆ ಕಾರ್ಬಾಲಿಕ್ ಆಮ್ಲ ಸುರಿಯುತ್ತಿದ್ದರು. ಹಳ್ಳಿಗರು ಮಾರಿಯಮ್ಮನ ಸಿಟ್ಟೆಂದು ಊರು ಬಿಟ್ಟಿರಬಹುದು. ಹಾಗೆ ಬಿಟ್ಟಾಗ ಇಲಿಯನ್ನೂ ಚಿಗಟವನ್ನೂ ಹಿಂದೆ ಬಿಟ್ಟಿದ್ದರು. ಊರು ಬಿಡುವುದು ಹಳ್ಳಿಗೆ ಹೊಸದೇನಲ್ಲ; ಇಡೀ ಊರು ಒಂದು ದಿನ ಹೊರಗೆ ಉಂಡು ಸಂಜೆಗೆ ಮರಳುವ ಹೊರಬೀಡು ಎಂಬ ಆಚರಣೆ ಇಂದಿಗೂ ಕೆಲವೆಡೆ ಉಳಿದಿದೆ. ಹಾಗೆ ಹೊರಗೆ ಹೋಗುವುದು ಹಳ್ಳಿಗರಿಗೆ ರೂಢಿಯಾಗಿತ್ತು. ಎಲ್ಲರೂ ಹೋಗುತ್ತಿದ್ದರು, ಜೊತೆಯಾಗಿ ಹೋಗುತ್ತಿದ್ದರು.

ಹಾಗೆಂದು ಆಚಾರವನ್ನೆಲ್ಲ ಹೊಗಳಿ ಕೂರುವಂತಿಲ್ಲ. ಮಾರಿಯನ್ನು ಗಡಿ ದಾಟಿಸುವ ಪದ್ಧತಿಯನ್ನೇ ನೋಡಿ. ಬೇವು, ಅರಿಸಿನ, ಬಳೆ ಇಟ್ಟು ಅವಳನ್ನು ಎಲ್ಲೆಯಲ್ಲಿ ಬಿಟ್ಟರೆ ಅವಳು ಪಕ್ಕದೂರಿನ ಪಾಲು. ತನ್ನ ಊರಿನ ಕ್ಷೇಮಕ್ಕೆ ನೆರೆಯೂರನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಈ ಬುದ್ಧಿ ನಂಬಿಕೆಯೊಳಗೇ ಇದೆ. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ ಇದರ ಇನ್ನೊಂದು ಮುಖವನ್ನು ತೋರಿಸಿತು. ಅಗ್ರಹಾರದಲ್ಲಿ ನಾರಣಪ್ಪನ ಹೆಣ ಬಿದ್ದಿದೆ. ಸಂಸ್ಕಾರ ಮಾಡಬೇಕಾದವರು ಯಾರೆಂಬ ಚರ್ಚೆ ಮುಗಿಯುವುದಿಲ್ಲ. ಕಣ್ಣೆದುರೇ ಇಲಿಗಳು ಸಾಯುತ್ತಿವೆ, ಹದ್ದುಗಳು ಮನೆಯ ಮೇಲೆ ಕೂರುತ್ತಿವೆ, ಅದರ ಅರ್ಥ ಅಗ್ರಹಾರದವರಿಗೆ ಹೊಳೆಯುವುದಿಲ್ಲ. ಹಳ್ಳಿಗರಿಗೆ ಊರು ಬಿಡಿಸಿದ ಗುರುತೇ ಇಲ್ಲಿ ಶಾಸ್ತ್ರದ ಗದ್ದಲದಲ್ಲಿ ಮುಚ್ಚಿಹೋಗಿದೆ.

ಆದ್ದರಿಂದ ನಂಬಿಕೆ ಇದೆಯೇ ಇಲ್ಲವೇ ಎಂದು ಕೇಳಿ ಪ್ರಯೋಜನವಿಲ್ಲ. ಸರ್ಕಾರದ ಕ್ರಮ ಆ ನಂಬಿಕೆ ಕಾಯುತ್ತಿರುವ ಯಾವ ಜಾಗವನ್ನು ಮುಟ್ಟುತ್ತದೆ ಎಂದು ಕೇಳಬೇಕು. ಒಬ್ಬರಿಂದ ಒಬ್ಬರಿಗೆ ಹರಡುವ ರೋಗದಲ್ಲಿ ಎಲ್ಲರೂ ಒಟ್ಟಿಗೆ ಹೋಗುವುದು ಮದ್ದಾಗಲಾರದು. ಆದರೆ ರೋಗಿಯನ್ನು ಬೇರೆ ಇಡುವಾಗಲೂ ಅವನ ಸುದ್ದಿ ಮನೆಗೆ ದಿನವೂ ಮುಟ್ಟಿಸಬಹುದು. ಹೆಣ್ಣಿನ ತಪಾಸಣೆಗೆ ಹೆಣ್ಣುಮಗಳನ್ನೇ ಕಳಿಸಬಹುದು. ಸತ್ತವನ ಮುಖವನ್ನು ದೂರದಿಂದಾದರೂ ತೋರಿಸಬಹುದು. ಕೋವಿಡ್ ಕಾಲದಲ್ಲಿ ಮುಖವನ್ನೂ ಕಾಣದೆ ಉಳಿದ ಮನೆಗಳ ನೋವು ನಮಗೆಲ್ಲ ಗೊತ್ತಿದೆ. ಆಗ ಮನೆ ಬಾಗಿಲಿಗೆ ಬಂದ ಆಶಾ ಕಾರ್ಯಕರ್ತೆಗೆ ಎಷ್ಟೋ ಊರುಗಳಲ್ಲಿ ಜನ ಉತ್ತರ ಕೊಟ್ಟದ್ದು ಅವಳು ಆ ಊರಿನವಳೇ ಆಗಿದ್ದರಿಂದ.

ಸರ್ಕಾರಕ್ಕೆ ಇಷ್ಟು ಹೇಳಿದ ಮೇಲೆ ಸಮುದಾಯಗಳಿಗೂ ಒಂದು ಮಾತು ಹೇಳಬೇಕು. ಊರು ಬಿಟ್ಟಾಗ ಯಾರ ಗುಡಿಸಲು ಎಲ್ಲಿ ಎದ್ದಿತು, ಹೆಣ ಎತ್ತಿದವರು ಯಾವ ಕೇರಿಯವರು, ಹೊಲವೇ ಇಲ್ಲದವರು ಎಲ್ಲಿಗೆ ಹೋದರು? ನಮ್ಮ ಆಚಾರಗಳ ಬಗ್ಗೆ ಅಭಿಮಾನಪಡುವ ಮೊದಲು ಈ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾದವರು ನಾವೇ. ಮುಂದಿನ ರೋಗ ಬರುವ ಮೊದಲೇ ಆ ಕೆಲಸ ಆಗಲಿ ಎಂದು ಇಲ್ಲಿರುವ ವಿದ್ಯಾರ್ಥಿಗಳನ್ನು ಕೋರುತ್ತೇನೆ. ನಿಮ್ಮ ನಿಮ್ಮ ಊರಿನ ಹಿರಿಯರಿಂದಲೇ ಶುರುಮಾಡಿ.