ಅಳಿವೆಯ ಕೆಸರು, ಪುಣೆಯ ದಂಡೆ

(ಪುಣೆಯ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಹಕ್ಕಿಗಳ ವಿಷಯವಾಗಿ ಮಾತನಾಡಬೇಕೆಂದು ಸಂಘದ ಗೆಳೆಯರು ಕೇಳಿದಾಗ ನಾನು ಹಿಂಜರಿದೆ. ನಾನು ಪಕ್ಷಿಶಾಸ್ತ್ರಜ್ಞನಲ್ಲ. ಕುಮಟಾ ತಾಲೂಕಿನಲ್ಲಿ ಹುಟ್ಟಿ, ಹೊಟ್ಟೆಪಾಡಿಗಾಗಿ ಪುಣೆ ಸೇರಿದವನು. ಹುಟ್ಟೂರಿನ ಅಘನಾಶಿನಿಯನ್ನು ನೆನೆದು ಕಣ್ಣು ತೇವ ಮಾಡಿಕೊಳ್ಳುವ ನಾನು, ಇಲ್ಲಿಯ ಮುಳಾ-ಮುಠಾ ನದಿಯನ್ನು ದಾಟುವಾಗ ಮೂಗು ಮುಚ್ಚಿಕೊಂಡದ್ದೇ ಹೆಚ್ಚು. ನಿಮ್ಮಲ್ಲಿ ಅನೇಕರ ಕಥೆಯೂ ಇದೇ ಇದ್ದೀತು.

ಅಘನಾಶಿನಿ ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಅದಕ್ಕೆ ಅಡ್ಡಲಾಗಿ ದೊಡ್ಡ ಅಣೆಕಟ್ಟು ಎದ್ದಿಲ್ಲ. 2024ರ ಜನವರಿಯಲ್ಲಿ ಅದರ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್ಸಾರ್ ಪಟ್ಟಿಗೆ ಸೇರಿತು. ಜೌಗು ನೆಲಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯದು. ಆಗ ಸರಕಾರ ಕೊಟ್ಟ ವಿವರದಂತೆ ಅಲ್ಲಿ 66 ಜಾತಿಯ ನೀರಹಕ್ಕಿಗಳಿವೆ. ಎಣಿಕೆಯಲ್ಲಿ 43,000ಕ್ಕೂ ಮೀರಿ ಕಂಡಿವೆ. ನದಿ ರೀವ, ಹಾವಕ್ಕಿ, ಬಿಳಿಕತ್ತಿನ ಕೊಕ್ಕರೆ ಮುಂತಾದವು ಅವುಗಳಲ್ಲಿ ಸೇರಿವೆ. ಅದೇ ವಿವರದಲ್ಲಿ ಇನ್ನೊಂದು ಲೆಕ್ಕವೂ ಇದೆ: 6,000ದಿಂದ 7,500 ಕುಟುಂಬಗಳು ಈ ಅಳಿವೆಯಿಂದಲೇ ಬದುಕುತ್ತವೆ. ಈ ಎರಡು ಲೆಕ್ಕಗಳನ್ನು ಬೇರೆ ಬೇರೆಯಾಗಿ ಓದಬಾರದೆಂಬುದೇ ಇಂದು ನಾನು ಹೇಳಬೇಕೆಂದಿರುವ ಮಾತು.

ಎರಡಕ್ಕೂ ಮೂಲ ಒಂದೇ, ಕೆಸರು. ದಿನಕ್ಕೆ ಎರಡು ಸಲ ಉಬ್ಬರ ಬಂದು ಇಳಿಯುತ್ತದೆ. ಕಾಂಡ್ಲಾ ಗಿಡಗಳ ಎಲೆ ಉದುರಿ ಕೊಳೆತು ಹುಳು, ಏಡಿ, ಸೀಗಡಿ, ಬೆಳಚುಗಳಿಗೆ ಆಹಾರವಾಗುತ್ತದೆ. ಇಳಿತದ ಹೊತ್ತಿಗೆ ಹೆಂಗಸರು ಬುಟ್ಟಿ ಹಿಡಿದು ಬೆಳಚು ಹೆಕ್ಕಲು ಇಳಿಯುತ್ತಾರೆ. ಅದೇ ಹೊತ್ತಿಗೆ ಹಕ್ಕಿಗಳೂ ಇಳಿಯುತ್ತವೆ. ಗಿಡ್ಡ ಕೊಕ್ಕಿನವು ಮೇಲಿನ ಪದರದಲ್ಲಿ, ಉದ್ದ ಕೊಕ್ಕಿನವು ಆಳದಲ್ಲಿ ಹುಡುಕುತ್ತವೆ. ಒಬ್ಬರ ಪಾಲನ್ನು ಇನ್ನೊಬ್ಬರು ಕಸಿದದ್ದನ್ನು ನಾನು ಚಿಕ್ಕಂದಿನಲ್ಲಿ ಕಂಡಿಲ್ಲ. ದಂಡೆಯ ಗಜನಿ ಗದ್ದೆಗಳಲ್ಲಿ ಉಪ್ಪು ನೀರನ್ನೂ ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಮೀನು, ಸೀಗಡಿ ಹಿಡಿಯುತ್ತಾರೆ. ಈ ಗದ್ದೆಗಳನ್ನು ಕಾಯುವುದು ಒಡ್ಡು. ಒಡ್ಡನ್ನು ಕಾಯಬೇಕಾದವರು ಊರಿನವರು. ಒಡ್ಡು ಒಡೆದು ಭತ್ತ ಹೋದರೆ ಕೊಯ್ಲಿನ ಗದ್ದೆಯಲ್ಲಿ ಮೇಯುವ ಹಕ್ಕಿಗೂ ನೆಲೆ ತಪ್ಪುತ್ತದೆ. ದುರ್ಬೀನು ಹಿಡಿದು ಬರುವವರಿಗೆ ಒಡ್ಡು ಕಾಣುವುದೇ ಇಲ್ಲ.

ನೆರೆಯ ಶರಾವತಿಯನ್ನು ನೋಡಿರಿ. ಲಿಂಗನಮಕ್ಕಿಯ ವಿದ್ಯುತ್ತು ನಮಗೆಲ್ಲ ಬೇಕಾಗಿತ್ತು, ಸರಿ. ಆದರೆ ವಿದ್ಯುದಾಗಾರಗಳಿಂದ ವರ್ಷವಿಡೀ ಹರಿದುಬರುವ ಸಿಹಿನೀರಿನಿಂದ ಅದರ ಅಳಿವೆಯಲ್ಲಿ ಉಪ್ಪಿನಂಶ ತಗ್ಗಿ ಬೆಳಚು ಕ್ಷೀಣಿಸಿತು. ಅಘನಾಶಿನಿಗೂ ಕುತ್ತು ಬರದೆ ಇರಲಿಲ್ಲ. ತದಡಿಯಲ್ಲಿ 4,000 ಮೆಗಾವಾಟ್ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾಪವಾದಾಗ ಜನರು ವಿರೋಧಿಸಿದರು, ಅದು ನಡೆಯಲಿಲ್ಲ. ಯೋಜನೆಗಳನ್ನು ಬರೆಯುವವರ ಕಣ್ಣಿಗೆ ಕೆಸರು ಎಂದರೆ ಖಾಲಿ ಜಾಗ.

ಈಗ ಪುಣೆಗೆ ಬರೋಣ. ಇಲ್ಲಿ ಅಳಿವೆಯಿಲ್ಲ, ಆದರೆ ಕೆಸರಿದೆ. ಯೆರವಡಾ-ಕಲ್ಯಾಣಿನಗರದ ಬಳಿಯ ದಂಡೆಗೆ ಡಾ. ಸಲೀಂ ಅಲಿ ಪಕ್ಷಿಧಾಮವೆಂಬ ಹೆಸರಿದೆ. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ, ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಗಲು ಕಾರಣರಾದ ಅದೇ ಸಲೀಂ ಅಲಿಯವರು. ಅವರಿಂದಾಗಿ ರಂಗನತಿಟ್ಟಿಗೆ ಕಾಯ್ದೆಯ ಕಾವಲು ದೊರೆಯಿತು; ಅವರ ಹೆಸರನ್ನೇ ಹೊತ್ತ ಈ ದಂಡೆಗೆ ಹೆಸರು ಮಾತ್ರ ದೊರೆಯಿತು. ಚಳಿಗಾಲದಲ್ಲಿ ಇಲ್ಲಿ ಚಕ್ರವಾಕಗಳು ಇಳಿಯುತ್ತವೆ. ನಮ್ಮ ಹಳೆಯ ಕವಿಗಳು ಅಗಲಿಕೆಗೆ ಉಪಮೆಯಾಗಿ ದುಡಿಸಿಕೊಂಡ ಆ ಹಕ್ಕಿಯನ್ನು ನಾನು ಮೊದಲು ಕಣ್ಣಾರೆ ಕಂಡದ್ದು ಪುಣೆಯ ಈ ಚರಂಡಿಯಂಥ ನೀರಿನಲ್ಲಿ! ಪುಣೆಯ ಪಕ್ಷಿತಜ್ಞ ಪ್ರಕಾಶ ಗೋಳೆಯವರು 1984ರಲ್ಲೇ ಈ ಕೊಳೆಯಾದ ನದಿಯ ಹಕ್ಕಿಗಳ ಮೇಲೆ ಪ್ರಬಂಧ ಪ್ರಕಟಿಸಿದ್ದರು. ಕೊಳೆನೀರಿನ ಹುಳುಗಳಿಗಾಗಿಯೂ ಕೆಲವು ಹಕ್ಕಿಗಳು ಗುಂಪುಗೂಡುತ್ತವೆ. ಆದ್ದರಿಂದ ಹಕ್ಕಿಗಳಿವೆಯೆಂಬ ಮಾತ್ರಕ್ಕೆ ನದಿ ಸ್ವಸ್ಥವಾಗಿದೆ ಎನ್ನಲಾಗದು.

ನದಿ ಶುದ್ಧವಾಗಲೇಬೇಕು. ಆದರೆ ಸುಮಾರು 44 ಕಿಲೋಮೀಟರ್ ಉದ್ದಕ್ಕೆ ಯೋಜಿಸಿರುವ, 2022ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾದ ನದಿತೀರ ಅಭಿವೃದ್ಧಿಯಲ್ಲಿ ಶುದ್ಧಿಗಿಂತ ದಂಡೆ ಕಟ್ಟುವ ಉತ್ಸಾಹವೇ ನನಗೆ ಹೆಚ್ಚಾಗಿ ಕಾಣುತ್ತದೆ. ಮರಗಳನ್ನು ಕಡಿಯಬಾರದೆಂದು 2023ರಲ್ಲಿ ನಾಗರಿಕರು ಬೀದಿಗಿಳಿದರು. ಅಲ್ಲಿ ನಮ್ಮವರು ಎಷ್ಟು ಮಂದಿ ಇದ್ದರು? ನಾನಂತೂ ಇರಲಿಲ್ಲ, ಮನೆಯಲ್ಲಿ ಕುಳಿತು ಪತ್ರಿಕೆಯಲ್ಲಿ ಓದಿದೆ.

'ನಾವು ಹೊರಗಿನವರು, ನಮಗೇಕೆ' ಎಂದು ಕೇಳುವವರಿದ್ದಾರೆ. ಮುಳಾ-ಮುಠಾ ಭೀಮೆಯನ್ನು ಸೇರುತ್ತದೆ. ಭೀಮೆ ಉಜನಿ ಜಲಾಶಯವನ್ನು ದಾಟಿ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಹರಿಯುತ್ತದೆ. ನಮ್ಮ ಸ್ನಾನದ ಮನೆಯ ನೀರು ಹೊರಟಿರುವುದು ಕನ್ನಡನಾಡಿನ ಕಡೆಗೇ. ಆ ಜಲಾಶಯದ ಹಿನ್ನೀರಿನ ಭಿಗವಣದಲ್ಲಿ ಚಳಿಗಾಲದ ಮೇಲೆ ನೀರು ಇಳಿದು ಕೆಸರು ತೆರೆದಾಗ ರಾಜಹಂಸಗಳು ಬರುತ್ತವೆ. ಮರಾಠಿಯವರು ಅವನ್ನು ರೋಹಿತ ಎನ್ನುತ್ತಾರೆ. ಮೀನುಗಾರರೇ ದೋಣಿಯಲ್ಲಿ ಕರೆದೊಯ್ದು ತೋರಿಸುತ್ತಾರೆ.

ಸಂಘದ ಕಾರ್ಯಕಾರಿ ಸಮಿತಿಗೆ ನನ್ನ ಬಿನ್ನಹ ಇಷ್ಟೆ. ಈ ಸಲದ ವನಭೋಜನ ಭಿಗವಣದಲ್ಲಿ ಆಗಲಿ. ಅದಕ್ಕೆ ಮುನ್ನ ಒಂದು ಭಾನುವಾರ ಬೆಳಿಗ್ಗೆ ಯೆರವಡಾದ ದಂಡೆಗೆ ಮಕ್ಕಳನ್ನು ಕರೆದುಕೊಂಡು ಹೋಗೋಣ. ಆ ದಂಡೆಯನ್ನು ಹಾಗೆಯೇ ಉಳಿಸಬೇಕೆಂದು ಮಹಾನಗರಪಾಲಿಕೆಗೆ ನಾನು ಮರಾಠಿಯಲ್ಲಿ ಒಂದು ಮನವಿ ಬರೆದು ತಂದಿದ್ದೇನೆ. ಸಹಿ ಹಾಕಲು ಇಚ್ಛಿಸುವವರಿಗಾಗಿ ಅದನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇನೆ.