ಕೆಂಚನ ಗೋಣಿಚೀಲ: ನಾಯಿಗೆ ಸುಮ್ಮನೆ ಮಲಗೋದನ್ನ ಕಲಿಸಿದ ಒಂದು ತಿಂಗಳು

(ಸಂಚಿಕೆಯ ಪಠ್ಯ ರೂಪ. ಮಾತಿನ ಶೈಲಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡಿದ್ರೆ ಹಿಂದೆ ಒಂದು ಸದ್ದು ಕೇಳಿಸ್ತಿರಬಹುದು. ಟಕ್... ಟಕ್... ಅದು ನಮ್ಮಜ್ಜಿಯ ವಾಕರ್. ಎಡಿಟ್‌ನಲ್ಲಿ ತೆಗೀಬಹುದಿತ್ತು. ಬೇಕಂತಲೇ ಬಿಟ್ಟಿದ್ದೀನಿ. ಇವತ್ತಿನ ಕಥೆಯಲ್ಲಿ ಆ ಸದ್ದಿಗೂ ಒಂದು ಪಾತ್ರ ಇದೆ.

ನಾನೀಗ ಊರಲ್ಲಿದ್ದೀನಿ. ಮಾರ್ಕೋನಹಳ್ಳಿ, ಕುಣಿಗಲ್ ತಾಲ್ಲೂಕು. ಶಿಂಷಾ ನದಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಡ್ಯಾಂ ಇದೆಯಲ್ಲ, ಅದೇ ಊರು. ನಮ್ಮನೇಲಿ ಒಂದು ನಾಟಿ ನಾಯಿ, ಹೆಸರು ಕೆಂಚ, ಎರಡು ವರ್ಷ. ಡ್ಯಾಂ ರಸ್ತೆ ಪಕ್ಕ ಸಿಕ್ಕಿದ ಮರಿ. ಮನೆಗೆ ತಂದವನು ನಾನೇ.

ಆಗ ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದೆ. ಶನಿವಾರ ಸಂಜೆ ಊರಿಗೆ ಬಂದ್ರೆ ಕೆಂಚ ಬಾಗಿಲಿಗೆ ಓಡಿಬಂದು ಎದೆ ಮೇಲೆ ಹಾರ್ತಿದ್ದ. ನಾನು ಎತ್ಕೊಂಡು ಮುದ್ದು ಮಾಡ್ತಿದ್ದೆ, ರೀಲ್ಸ್ ಮಾಡ್ತಿದ್ದೆ. ಲೈಕ್ಸೂ ಬರ್ತಿತ್ತು. ಮರಿ ಹಾರಿದ್ರೆ ಚಂದ. ಹದಿನೆಂಟು ಕೆ.ಜಿ. ನಾಯಿ ಹಾರಿದ್ರೆ?

ಒಂದು ಬೆಳಗ್ಗೆ ಡೈರಿ ಗಾಡಿ ಹಾರ್ನ್ ಆಯ್ತು. ಕೆಂಚ ಒಳಗಿಂದ ಬಾಗಿಲಿಗೆ ನುಗ್ಗಿದ. ಹೊಸಿಲು ದಾಟ್ತಿದ್ದ ಅಜ್ಜಿ ಕಾಲಿಗೆ ಸಿಕ್ಕಿದ. ಅಜ್ಜಿ ಬಿದ್ರು. ಸೊಂಟದ ಮೂಳೆ ಮುರೀತು. ತುಮಕೂರಿನಲ್ಲಿ ಆಪರೇಷನ್. ಆಮೇಲೆ ಫಿಸಿಯೋಥೆರಪಿಗೆ ಅನುಕೂಲ ಅಂತ ಅಲ್ಲೇ ಅತ್ತೆ ಮನೇಲಿ ಒಂದು ತಿಂಗಳು ಇರಬೇಕು ಅಂದ್ರು.

ಅಪ್ಪ ಆಸ್ಪತ್ರೆಯಿಂದ ಬಂದವರೇ ಹೇಳಿದ್ರು, "ಅವ್ವ ಬರೋ ಹೊತ್ಗೆ ಈ ನಾಯಿ ಮನೇಲಿ ಇರಬಾರ್ದು. ಡ್ಯಾಂ ಹತ್ರ ಬಿಟ್ಬುಟ್ಟು ಬಾ. ಟೂರಿಸ್ಟ್‌ಗಳು ಬರ್ತಾರೆ, ತಿನ್ನಾಕೇನೂ ತೊಂದ್ರೆ ಆಗಲ್ಲ."

ಅಪ್ಪನ ಮೇಲೆ ನನಗೆ ಸಿಟ್ಟು ಬರಲಿಲ್ಲ. ತಾಯಿ ಬಿದ್ದಿದ್ದಾರೆ, ಇನ್ನೇನು ಹೇಳ್ತಾರೆ? ಆದ್ರೆ ಡ್ಯಾಂ ಹತ್ರ ಬಿಟ್ಟು ಬರೋದು ಅಂದ್ರೆ ಏನು ಅಂತ ನನಗೆ ಗೊತ್ತು. ಕೆಂಚ ನನಗೆ ಸಿಕ್ಕಿದ್ದೇ ಅಲ್ಲಿ. ಹಸಿವು ಬಾಯಾರಿಕೆಯಲ್ಲಿ ನರಳೋ ಹಾಗೆ ಸಾಕುಪ್ರಾಣಿಯನ್ನ ಬಿಟ್ಟುಬಿಡೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ ಕೂಡ. "ಅಪ್ಪ, ಒಂದು ತಿಂಗಳು ಟೈಮ್ ಕೊಡಿ" ಅಂದೆ. ಅವರು ಆಯ್ತು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ತಪ್ಪು ಎಲ್ಲಿತ್ತು?

ನಾನು ಬಿ.ಕಾಂ. ಓದಿದವನು. ತಲೆ ಕೆಟ್ಟಾಗ ಲೆಕ್ಕ ಬರೀತೀನಿ. ಒಂದು ನೋಟ್‌ಬುಕ್ ತಗೊಂಡು ಎರಡು ದಿನ ಬರೆದೆ: ಕೆಂಚ ಏನು ಮಾಡಿದಾಗ ನಾವು ಅವನ ಕಡೆ ತಿರುಗ್ತೀವಿ? ಬೊಗಳಿದ್ರೆ ಅಮ್ಮ "ಏಯ್" ಅಂತಾರೆ. ಹಾರಿದ್ರೆ ನಾನು ಮುಟ್ತೀನಿ. ತಟ್ಟೆ ಮುಂದೆ ಕುಂಯ್‌ಗುಟ್ಟಿದ್ರೆ ಯಾರಾದ್ರೂ ಮುದ್ದೆ ಚೂರು ಎಸೀತಾರೆ. ಸುಮ್ಮನೆ ಮಲಗಿದ್ದಾಗ? ಆ ಕಾಲಂ ಪೂರ್ತಿ ಖಾಲಿ. ಮಲಗಿದ್ದಾನಲ್ಲ, ಯಾಕೆ ಎಬ್ಬಿಸೋದು ಅಂತ ಎಲ್ರೂ ಸುಮ್ಮನೆ ದಾಟಿ ಹೋಗಿದ್ವಿ.

ಇವತ್ತು ನಾನು ಹೇಳಬೇಕು ಅಂದುಕೊಂಡಿರೋದು ಇಷ್ಟೇ. ಗಲಾಟೆಗೆ ಸಂಬಳ ಕೊಡ್ತೀವಿ, ಸುಮ್ಮನಿರೋದಕ್ಕೆ ಏನೂ ಕೊಡಲ್ಲ. ಆಮೇಲೆ "ಈ ನಾಯಿಗೆ ಬುದ್ಧಿ ಇಲ್ಲ" ಅಂತೀವಿ. "ಹಾರಬೇಡ" ಅಂದ್ರೆ ನಾಯಿಗೆ ಅರ್ಥ ಆಗಲ್ಲ. ಹಾರೋ ಬದಲು ಏನು ಮಾಡಬೇಕು ಅಂತ ತೋರಿಸಬೇಕು. ನಾನು ತೋರಿಸೋಕೆ ಹೊರಟಿದ್ದು ಒಂದೇ: ಇಲ್ಲಿ ಬಂದು ಮಲಗು.

ಜಾಗ ಯಾವುದು?

ಜಗಲಿ ಮೂಲೆ, ಕಂಬದ ಪಕ್ಕ. ಅಲ್ಲಿಂದ ಬರೋರು ಹೋಗೋರು ಕಾಣ್ತಾರೆ, ಆದ್ರೆ ಯಾರ ಕಾಲಿಗೂ ಸಿಗಲ್ಲ. ಅಲ್ಲಿ ಒಂದು ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಹಾಕಿದೆ. ನಿಮ್ಮದು ಬೆಂಗಳೂರಿನ ಒಂದು ರೂಮ್ ಮನೆ ಆದ್ರೆ ಹಳೇ ಬೆಡ್‌ಶೀಟ್ ಸಾಕು. ಒಂದೇ ನಿಯಮ: ತಪ್ಪು ಮಾಡಿದಾಗ ಬೈದು ಅಲ್ಲಿಗೆ ಕಳಿಸಬಾರದು. ಅದು ಜೈಲು ಆಗಬಾರದು.

ಕೂಲಿ ಏನು? ದಿನಕ್ಕೊಂದು ಬೇಯಿಸಿದ ಮೊಟ್ಟೆ. ಕಡ್ಲೆಕಾಳಿನಷ್ಟು ಚೂರು ಮಾಡಿದ್ರೆ ಇಡೀ ದಿನಕ್ಕೆ ಆಗುತ್ತೆ. ಮೊಟ್ಟೆ ತರದ ಮನೆಯಾದ್ರೆ ಬೇಯಿಸಿದ ಗೆಣಸು, ಪನೀರ್. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಮಾತ್ರ ಬೇಡ, ನಾಯಿಗೆ ಅವು ವಿಷ.

ಮೊದಲ ವಾರ: ಮಾತೇ ಬೇಡ

ಬೆಳಗ್ಗೆ ಎದ್ದು ಮೊದಲು ನಾಲೆ ಏರಿ ಮೇಲೆ ಅರ್ಧ ಗಂಟೆ ವಾಕ್, ಎಲ್ಲ ಮೂಸಿ ನೋಡೋಕೆ ಬಿಡ್ತಿದ್ದೆ. ರಾತ್ರಿಯೆಲ್ಲ ಕಟ್ಟಿಹಾಕಿದ ನಾಯಿಗೆ ಬೆಳಗ್ಗೆ ಎದ್ದ ಕೂಡಲೇ ಸುಮ್ಮನೆ ಮಲಗು ಅಂದ್ರೆ ಅದಕ್ಕೆ ಆಗಲ್ಲ.

ಆಮೇಲೆ ಗೋಣಿಚೀಲದ ಹತ್ರ ಸುಮ್ಮನೆ ಕೂರ್ತಿದ್ದೆ. ಅವನು ಚೀಲ ನೋಡಿದ್ರೆ ಒಂದು ಚೂರು. ಕಾಲಿಟ್ರೆ ಒಂದು ಚೂರು. ಚೂರನ್ನ ಕೈಯಿಂದ ಬಾಯಿಗೆ ಕೊಡ್ತಿರಲಿಲ್ಲ, ಚೀಲದ ಮೇಲೆ ಇಡ್ತಿದ್ದೆ. ಕೈಯಿಂದ ಕೊಟ್ರೆ ನಾಯಿ ಕಣ್ಣೆಲ್ಲ ಕೈ ಮೇಲೆ. ಕೆಳಗಿಟ್ರೆ ತಲೆ ಕೆಳಗೆ ಹೋಗುತ್ತೆ, ಹಿಂದೇನೇ ಮೈಯೂ ಕೆಳಗೆ ಹೋಗುತ್ತೆ. ಒಂದು ಸಲಕ್ಕೆ ಮೂರೇ ನಿಮಿಷ, ದಿನಕ್ಕೆ ಐದು ಸಲ. ಮುಗಿದಾಗ "ಆಯ್ತು" ಅಂತ ಹೇಳಿ ಎಬ್ಬಿಸ್ತಿದ್ದೆ. ಯಾವಾಗ ಮುಗೀತು ಅಂತ ಅವನಿಗೂ ಗೊತ್ತಾಗಬೇಕಲ್ಲ.

ನಾಯಿ ಮಲಗೋದರಲ್ಲಿ ಎರಡು ಥರ ಇದೆ. ಒಂದು, ಹಿಂಗಾಲು ಎರಡೂ ಮೈ ಕೆಳಗೆ ಮಡಚಿ, ಕಿವಿ ನೆಟ್ಟಗೆ. ಅದು ಮಲಗಿರೋದಲ್ಲ, ಓಡೋಕೆ ರೆಡಿ ಇರೋದು. ಇನ್ನೊಂದು, ಸೊಂಟ ಒಂದು ಪಕ್ಕಕ್ಕೆ ವಾಲಿ, ಗದ್ದ ನೆಲಕ್ಕೆ, ಉಸಿರು ನಿಧಾನ. ಎರಡನೆಯದು ಕಂಡ್ರೆ ಎರಡು ಚೂರು, ಅದೂ ನಿಧಾನವಾಗಿ. "ಭೇಷ್ ಭೇಷ್" ಅಂತ ಕೂಗಿದ್ರೆ ಎದ್ದು ಕುಣೀತಾನೆ, ಎಲ್ಲ ನೀರುಪಾಲು.

ಎರಡನೇ ವಾರ: ನಾನು ಕೆಟ್ಟೆ

ಇಲ್ಲಿ ನೆನಪಿಡಬೇಕಾದ್ದು ಮೂರು: ಎಷ್ಟು ಹೊತ್ತು, ಎಷ್ಟು ದೂರ, ಎಷ್ಟು ಗಲಾಟೆ. ಒಂದು ಸಲಕ್ಕೆ ಒಂದನ್ನೇ ಹೆಚ್ಚಿಸಬೇಕು. ಐದು ಸೆಕೆಂಡ್, ಹತ್ತು, ಮತ್ತೆ ಮೂರು, ಆಮೇಲೆ ಹದಿನೈದು. ಮಧ್ಯೆ ಸುಲಭದ್ದೂ ಇರಬೇಕು.

ನನಗೆ ಅವಸರ. ಹನ್ನೊಂದನೇ ದಿನ ನಿಜವಾದ ಡೈರಿ ಗಾಡಿ ಬರೋ ಹೊತ್ತಿಗೆ ಅವನನ್ನ ಚೀಲದ ಮೇಲೆ ಬಿಟ್ಟು ಗೇಟ್ ಹತ್ರ ಹೋಗಿ ನಿಂತೆ. ಮೂರನ್ನೂ ಒಟ್ಟಿಗೆ ಹೆಚ್ಚಿಸಿದ ಹಾಗಾಯ್ತು. ಹಾರ್ನ್ ಆಯ್ತು, ಕೆಂಚ ಓಡಿದ. ನಾನು ಜೋರಾಗಿ ಕಿರುಚಿದೆ. ಎರಡು ದಿನ ಅವನು ಆ ಮೂಲೆಗೇ ಹೋಗಲಿಲ್ಲ. ಅಪ್ಪ ನೋಡ್ತಾ ನಿಂತಿದ್ರು. ಅವತ್ತು ರಾತ್ರಿ ಮುಗೀತು ಅಂದುಕೊಂಡೆ.

ಮತ್ತೆ ಮೊದಲಿಂದ ಶುರು ಮಾಡಿದೆ. ಈ ಸಲ ನನ್ನ ಕಸುಬು ಸಹಾಯಕ್ಕೆ ಬಂತು. ಡೈರಿ ಗಾಡಿ ಹಾರ್ನ್ ರೆಕಾರ್ಡ್ ಮಾಡಿ, ಫೋನಲ್ಲಿ ಕೇಳಿಸಿಯೂ ಕೇಳಿಸದ ಹಾಗೆ ಹಾಕ್ತಿದ್ದೆ. ಸದ್ದು, ಚೂರು. ಸದ್ದು, ಚೂರು. ಎದ್ದು ಕೂರದಿದ್ರೆ ಮಾರನೇ ದಿನ ವಾಲ್ಯೂಮ್ ಒಂದು ಗೆರೆ ಜಾಸ್ತಿ.

ಆಮೇಲೆ ಅತ್ತೆ ಮಗಳಿಗೆ ಮೆಸೇಜ್ ಹಾಕಿದೆ, ಅಜ್ಜಿ ವಾಕರ್ ಸದ್ದು ವಾಟ್ಸಾಪಲ್ಲಿ ಕಳಿಸು ಅಂತ. ಅವಳು ನಗ್ತಾ ಕಳಿಸಿದ್ಲು. ಟಕ್, ಟಕ್. ಅದು ಕೇಳಿದ ತಕ್ಷಣ ಒಂದು ಚೂರು ಗೋಣಿಚೀಲದ ಮೇಲೆ. ಕೊನೆಗೆ ನಾನೇ ಪ್ಲಾಸ್ಟಿಕ್ ಸ್ಟೂಲ್ ಹಿಡ್ಕೊಂಡು ಅಜ್ಜಿ ಥರ ಅಂಗಳದಲ್ಲಿ ಟಕ್ ಟಕ್ ಅಂತ ನಡೆದೆ. ಅಮ್ಮ ತಲೆ ಚಚ್ಚಿಕೊಂಡ್ರು.

ಯಾಕೆ ಇಷ್ಟೆಲ್ಲ? ನಾನು ಇಡೀ ದಿನ ಮನೇಲಿರಲ್ಲ. "ಹೋಗು ಮಲಗು" ಅನ್ನೋಕೆ ಯಾವಾಗ್ಲೂ ಒಬ್ರು ಬೇಕು ಅಂದ್ರೆ ಪ್ರಯೋಜನ ಇಲ್ಲ. ನಮ್ಮ ಡ್ಯಾಂನಲ್ಲಿ ಸೈಫನ್ ಇದೆ, ನೀರು ಒಂದು ಮಟ್ಟಕ್ಕೆ ಬಂದ್ರೆ ತಾನಾಗೇ ಹರಿಯೋಕೆ ಶುರುವಾಗುತ್ತೆ, ಯಾರೂ ಗೇಟ್ ಎತ್ತಬೇಕಿಲ್ಲ. ನನಗೂ ಹಾಗೇ ಬೇಕಿತ್ತು. ಅಜ್ಜಿ ಹೆಜ್ಜೆ ಇಟ್ರೆ, ಕೆಂಚ ತಾನಾಗೇ ಚೀಲಕ್ಕೆ ಹೋಗಬೇಕು.

ಅಜ್ಜಿ ಬಂದ್ರು

ಕಾರು ಬಂದಾಗ ಕೆಂಚನ ಕೊರಳಿಗೆ ಹಗ್ಗ ಹಾಕಿ, ತುದಿ ಕೈಯಲ್ಲಿ ಹಿಡಿದಿದ್ದೆ. ಎಷ್ಟೇ ಕಲಿಸಿದ್ರೂ ಅಜ್ಜಿ ಸೊಂಟದ ಮೇಲೆ ಪರೀಕ್ಷೆ ಮಾಡೋಕಾಗಲ್ಲ. ಅಜ್ಜಿ ಇಳಿದ್ರು. ಟಕ್. ಕೆಂಚ ಎದ್ದ. ಮೈಯೆಲ್ಲ ನಡುಕ, ಬಾಲ ನಿಲ್ತಾ ಇಲ್ಲ. ಒಂದು ತಿಂಗಳಾಗಿತ್ತಲ್ಲ ನೋಡಿ. ಎರಡನೇ ಟಕ್. ನನ್ನ ಮುಖ ನೋಡಿದ. ತಿರುಗಿ ಹೋಗಿ ಚೀಲದ ಮೇಲೆ ಮಲಗಿದ. ಕುಂಯ್ ಕುಂಯ್ ಅಂತಿದ್ದ, ಆದ್ರೆ ಮಲಗಿದ್ದ.

ಅಜ್ಜಿ ಜಗಲಿ ಹತ್ತಿ, ಉಸಿರು ಬಿಟ್ಟು, ಅವನನ್ನ ನೋಡಿ, ಆಮೇಲೆ ನನ್ನ ನೋಡಿ ಕೇಳಿದ್ರು, "ಬುದ್ಧಿ ಅದಕ್ ಬಂತೋ, ನಿಂಗ್ ಬಂತೋ?"

ಇದಾಗಿ ಮೂರು ತಿಂಗಳು. ಎಲ್ಲ ಸರಿಹೋಯ್ತು ಅಂತ ಹೇಳಲ್ಲ. ಪಟಾಕಿ ಸದ್ದಿಗೆ ಇನ್ನೂ ಮಂಚದ ಕೆಳಗೆ ಓಡ್ತಾನೆ. ಬೆಳಗ್ಗೆ ಡೈರಿ ಗಾಡಿ ಹೊತ್ತಿಗೆ ಇವತ್ತಿಗೂ ಹಗ್ಗ ಹಾಕಿರ್ತೀವಿ. ಮೊಟ್ಟೆ ಈಗ ದಿನಾ ಇಲ್ಲ, ಆದ್ರೆ ಪೂರ್ತಿ ನಿಲ್ಲಿಸಿಲ್ಲ. ನಾಯಿ ಇರಲಿ ಅಂತ ಅಪ್ಪ ಬಾಯಿಬಿಟ್ಟು ಇವತ್ತಿನವರೆಗೂ ಹೇಳಿಲ್ಲ. ಹೋದ ಭಾನುವಾರ ಗೋಣಿಚೀಲ ಒಗೆದು ಬೇಲಿ ಮೇಲೆ ಒಣಗಿಸ್ತಿದ್ರು. ನಾನು ಏನೂ ಕೇಳಲಿಲ್ಲ.

"ನಾಟಿ ನಾಯಿ ಕಲಿಯುತ್ತಾ, ಲ್ಯಾಬ್ರಡಾರ್ ಆದ್ರೆ ಸರಿ" ಅಂತ ಕೆಲವರು ಕೇಳ್ತಾರೆ. ನಮ್ಮ ಮುಧೋಳ ನಾಯಿಯನ್ನೇ ಸೇನೆಯವರು ಮೀರತ್‌ಗೆ ಕರ್ಕೊಂಡು ಹೋಗಿ ತರಬೇತಿ ಕೊಟ್ಟಿದ್ದಾರೆ. ತಳಿ ನೋಡಬೇಡಿ, ನಿಮ್ಮ ತಾಳ್ಮೆ ನೋಡಿಕೊಳ್ಳಿ. ಆದ್ರೆ ಗುರ್ ಅನ್ನೋ, ಕಚ್ಚೋ ನಾಯಿಗೆ ಈ ಸಂಚಿಕೆ ಕೇಳಿ ಪ್ರಯೋಗ ಮಾಡಬೇಡಿ, ಮೊದಲು ಪಶುವೈದ್ಯರಿಗೆ ತೋರಿಸಿ. ಯಾವ ನಾಯಿ ಕಚ್ಚಿದ್ರೂ ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು, ಅವತ್ತೇ ಲಸಿಕೆಗೆ ಹೋಗಿ.

ಈಗ ಫೋನ್ ಪಕ್ಕಕ್ಕಿಟ್ಟು ಒಂದು ಸಲ ಸುತ್ತ ನೋಡಿ. ನಿಮ್ಮ ನಾಯಿ ಎಲ್ಲಾದ್ರೂ ಸುಮ್ಮನೆ ಮಲಗಿದ್ಯಾ? ಹಾಗೇ ಮೆಲ್ಲಗೆ ಹೋಗಿ ಅದರ ಮೂತಿ ಹತ್ರ ಒಂದು ಚೂರು ಏನಾದ್ರೂ ಇಟ್ಟು ಬನ್ನಿ. ಮಾತಾಡಬೇಡಿ. ಮೊದಲ ಪಾಠ ಅಷ್ಟೇ.

ಮುಂದಿನ ವಾರ ಸಿಗೋಣ. ನಮಸ್ಕಾರ.